ಅಮೆರಿಕ ಸರ್ಕಾರ 43 ದಿನ ಬಾಗಿಲು ಹಾಕಿತ್ತು, ಷೇರು ಮಾರ್ಕೆಟ್ ಮಾತ್ರ ಏರ್ತಾನೇ ಇತ್ತು, ಇದು ಹೆಂಗೆ?

ಸಕಲೇಶಪುರದ ಅಪ್ಪ · 20 ಡಿಸೆಂಬರ್ 2025

ಎಲ್ರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು, ನಾಲ್ಕು ಎಕರೆ ಕಾಫಿ ತೋಟ ಇದೆ. ಮಗಳು ಟೆಕ್ಸಾಸ್‌ನಲ್ಲಿ ಎಂಎಸ್ ಓದ್ತಿದಾಳೆ, ಬರೋ ಮೇ ತಿಂಗಳಿಗೆ ಮುಗಿಯುತ್ತೆ. ಅವಳು ಹೋಗುವಾಗ ಡಾಲರ್‌ಗೆ 84 ರೂಪಾಯಿ ಇತ್ತು, ಈ ತಿಂಗಳು 90 ದಾಟ್ತು, ಕೊನೇ ಸೆಮಿಸ್ಟರ್ ಫೀಸು ಕಟ್ಟೋವಾಗ ಆ ಆರು ರೂಪಾಯಿ ಎಷ್ಟು ಭಾರ ಅಂತ ಕಟ್ಟಿದವನಿಗೇ ಗೊತ್ತು.

ವಿಷಯ ಏನಂದ್ರೆ ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ ಅಲ್ಲಿ ಸರ್ಕಾರನೇ ಶಟ್‌ಡೌನ್ ಆಗಿತ್ತಲ್ಲ, ನಾನು ದಿನಾ ರಾತ್ರಿ ಟೀವಿ ಮುಂದೆ ಕೂತ್ಕೊಂಡು ನೋಡ್ತಿದ್ದೆ, ಒಂದು ಕಡೆ ಸಂಬಳ ಇಲ್ಲದ ಸರ್ಕಾರಿ ನೌಕರರು ಫುಡ್ ಬ್ಯಾಂಕ್ ಮುಂದೆ ಕ್ಯೂ ನಿಂತಿದಾರೆ, ಕೆಳಗಡೆ ಪಟ್ಟಿಯಲ್ಲಿ ಷೇರು ಮಾರ್ಕೆಟ್ ಹೊಸ ದಾಖಲೆ ಅಂತ ಓಡ್ತಾ ಇದೆ. ನಂಗೆ ಎರಡೂ ಒಂದೇ ದೇಶದ್ದು ಅಂತ ಅನ್ನಿಸಲೇ ಇಲ್ಲ. ನಮ್ಮಲ್ಲೂ ರಾಜಕೀಯ ಜಗಳ ಬೇಕಾದಷ್ಟಿದೆ, ಸರ್ಕಾರಗಳು ಬಿದ್ದಿವೆ, ರೆಸಾರ್ಟ್ ಕತೆ ಎಲ್ಲಾ ನೋಡಿದೀವಿ, ಆದ್ರೆ ತಾಲೂಕು ಆಫೀಸಿನ ಗುಮಾಸ್ತನ ಸಂಬಳ ಅದಕ್ಕಾಗಿ ಯಾವತ್ತೂ ನಿಂತಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ಹೆಂಗೆ ನಿಲ್ಲುತ್ತೆ? ಅವರ ಎಕಾನಮಿ ನಿಜವಾಗ್ಲೂ ಚೆನ್ನಾಗಿದೆಯಾ ಕೆಟ್ಟಿದೆಯಾ? ಅಲ್ಲಿರೋರು, ತಿಳಿದೋರು ದಯವಿಟ್ಟು ಬಿಡಿಸಿ ಹೇಳಿ. ಪಕ್ಷದ ಜಗಳ ಬೇಡ, ಮಗಳು ಅಲ್ಲೇ ಕೆಲಸ ಹುಡುಕಬೇಕಾ ವಾಪಸ್ ಬಾ ಅನ್ನಬೇಕಾ ಅನ್ನೋ ಯೋಚನೇಲಿ ಕೇಳ್ತಿದೀನಿ.

---

ಧಾರವಾಡದ ಮಾಸ್ತರ

ಸರ್, ನಾ ಪಿಯು ಕಾಲೇಜಿನಾಗ ರಾಜ್ಯಶಾಸ್ತ್ರ ಕಲಸ್ತೇನ್ರಿ. ನಿಮ್ಮ ಮೊದಲನೇ ಪ್ರಶ್ನೆ ನಮ್ಮ ಹುಡುಗ್ರೂ ಕೇಳ್ತಾರ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ನಮ್ಮಲ್ಲಿ ಬಜೆಟ್ ತಡ ಆದ್ರ ಲೇಖಾನುದಾನ ಅಂತ ತಗೋತಾರ, ಮೂರು ನಾಕು ತಿಂಗಳ ಖರ್ಚು ನಡೀತೈತಿ. ಬಜೆಟ್ಟೇ ಸದನದಾಗ ಬಿದ್ರ ಸರ್ಕಾರನೇ ಬಿತ್ತು ಅಂತ ಅರ್ಥ, ಬ್ಯಾರೆ ಸರ್ಕಾರ ಬರ್ತದ ಇಲ್ಲಾ ಚುನಾವಣೆ ಆಗ್ತದ. ಅಂದ್ರ ಜಗಳಕ್ಕ ಒಂದು ಕೊನಿ ಐತಿ. ಅಮೆರಿಕದಾಗ ಅಧ್ಯಕ್ಷ ಬ್ಯಾರೆ ಆರಿಸಿ ಬರ್ತಾನ, ಕಾಂಗ್ರೆಸ್ ಅಂದ್ರ ಅಲ್ಲಿಯ ಸಂಸತ್ತು, ಅದರ ಎರಡು ಮನಿ ಬ್ಯಾರೆ ಆರಿಸಿ ಬರ್ತಾವ, ಯಾರೂ ಯಾರನ್ನೂ ಹಂಗ ಇಳಿಸಾಕ ಬರೂದಿಲ್ಲ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ರಿ, ಎರಡನ್ನೂ ಒಂದ ನೊಗಕ್ಕ ಕಟ್ಟಿ ನಾಕು ವರ್ಷ ಬಿಚ್ಚಬ್ಯಾಡ್ರಿ ಅಂದಂಗ ಅದು.

ಇನ್ನ ರೊಕ್ಕದ ವಿಚಾರ. ಸಂವಿಧಾನದ ಪ್ರಕಾರ ಕಾಂಗ್ರೆಸ್ ಒಪ್ಪಿಗಿ ಇಲ್ಲದ ಖಜಾನಿಯಿಂದ ಒಂದು ಡಾಲರ್ ತೆಗೆಯಂಗಿಲ್ಲ. ಇದನ್ನ ಬಿಗಿ ಮಾಡಾಕ 1884ರಾಗ ಒಂದು ಕಾನೂನು ಬಂತು. ಆದ್ರ ಭಾಳ ವರ್ಷ ಅದನ್ನ ಯಾರೂ ಅಷ್ಟು ಕಟ್ಟುನಿಟ್ಟಾಗಿ ನೋಡಿರಲಿಲ್ಲ, ಹಣದ ಮಸೂದೆ ತಡ ಆದ್ರೂ ಆಫೀಸು ನಡೀತಿದ್ವು, ಹೆಂಗೂ ಪಾಸ್ ಆಗ್ತದಲ್ಲ ಅಂತ. 1980ರಾಗ ಕಾರ್ಟರ್ ಕಾಲದ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಹಂಗ ನಡಸಾಕ ಬರೂದಿಲ್ಲ, ಅನುದಾನ ಮುಗದ ಕೂಡ್ಲೆ ಬಾಗಿಲು ಹಾಕಬೇಕು ಅಂತ ಅಭಿಪ್ರಾಯ ಕೊಟ್ರು. ಅಲ್ಲಿಂದ ಮುಂದ ಇದು ಆಯುಧ ಆತು ನೋಡ್ರಿ. 1995-96ರಾಗ 21 ದಿನ, 2013ರಾಗ 16 ದಿನ, 2018-19ರಾಗ 35 ದಿನ, ಈಗ 43. ಒಬ್ಬ ಅಧಿಕಾರಿ ಬರದ ಕಾನೂನು ಅಭಿಪ್ರಾಯ ಲಕ್ಷಾಂತರ ಮನಿ ಒಲಿ ತನಕ ಬಂದು ಮುಟ್ಟಿದ್ದು ನನಗ ಪ್ರತಿ ಸಲ ಪಾಠ ಮಾಡೂವಾಗ ಸಂಕಟ ಆಗ್ತದ.

ಈ ಸಲದ ಜಗಳ ಆರೋಗ್ಯ ವಿಮಾದ್ದು. ಕೋವಿಡ್ ಕಾಲದಾಗ ಒಬಾಮಾಕೇರ್ ಪ್ರೀಮಿಯಂಗೆ ಜಾಸ್ತಿ ಸಬ್ಸಿಡಿ ಕೊಟ್ಟಿದ್ರು, ಅದು ಈ ಡಿಸೆಂಬರ್ 31ಕ್ಕ ಮುಗೀತೈತಿ. ಅದನ್ನ ಮುಂದುವರಸ್ರಿ ಅಂತ ಡೆಮಾಕ್ರಟ್‌ರು, ಮೊದಲ ಬಾಗಿಲು ತೆಗೀರಿ ಆಮ್ಯಾಲ ಮಾತು ಅಂತ ರಿಪಬ್ಲಿಕನ್‌ರು. ಸೆನೆಟ್‌ನಾಗ, ಅಂದ್ರ ಮ್ಯಾಲಿನ ಮನಿಯಾಗ, ಇಂಥ ಮಸೂದೆಗೆ 60 ವೋಟ್ ಬೇಕು, ರಿಪಬ್ಲಿಕನ್‌ರ ಹತ್ರ ಇರೂದು 53. ಹದಿನಾಕು ಸಲ ವೋಟಿಗೆ ಹಾಕಿದ್ರು, ಹದಿನಾಕು ಸಲಾನೂ ಬಿತ್ತು. ಕೊನಿಗೆ ಡೆಮಾಕ್ರಟ್‌ರ ಕಡಿಯಿಂದ ಎಂಟು ಮಂದಿ ಈ ಕಡಿ ಬಂದ್ರು, ಬಾಗಿಲು ತೆಗದ್ರು. ಸಬ್ಸಿಡಿ ಮಾತ್ರ ಸಿಗಲಿಲ್ಲ, ಡಿಸೆಂಬರ್ 11ಕ್ಕ ಸೆನೆಟ್‌ನಾಗ ಅದೂ ಬಿತ್ತು. ಹಂಗಾರ 43 ದಿನ ಯಾರಿಗೆ ಏನು ಸಿಕ್ತು ಅಂತ ಹುಡುಗ್ರು ಕೇಳಿದ್ರ ನನ್ನ ಹತ್ರ ಉತ್ತರ ಇಲ್ರಿ.

---

ವರ್ಜೀನಿಯಾ ವಾಸಿ

ನಾನು ಉತ್ತರ ವರ್ಜೀನಿಯಾದಲ್ಲಿ ಹನ್ನೆರಡು ವರ್ಷದಿಂದ ಇದೀನಿ. ಮಾಸ್ತರು ಹೇಳಿದ್ದು ಪೂರ್ತಿ ಸರಿ, ನಾನು ಮನೆ ಬಾಗಿಲಲ್ಲಿ ಹೇಗಿತ್ತು ಅಂತ ಹೇಳ್ತೀನಿ ಯಾಕಂದ್ರೆ ಈ ಕಡೆ ಒಂದು ಬೀದೀಲಿ ಹತ್ತು ಮನೆ ಇದ್ರೆ ಮೂರು ನಾಲ್ಕು ಮನೆಯವರಿಗಾದ್ರೂ ಫೆಡರಲ್ ಸರ್ಕಾರದ ಕೆಲಸ ಇಲ್ಲಾ ಅದರ ಕಾಂಟ್ರಾಕ್ಟ್ ಕೆಲಸ.

ನಮ್ಮ ಪಕ್ಕದ ಮನೆ ಹೆಂಗಸು ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ಇದಾರೆ. ಅವರ ಕೆಲಸ ಅತ್ಯಗತ್ಯ ಅಂತ ಲೆಕ್ಕ, ಅಂದ್ರೆ ಸಂಬಳ ಇಲ್ಲದಿದ್ರೂ ಡ್ಯೂಟಿಗೆ ಹೋಗಲೇಬೇಕು. ಬೆಳಿಗ್ಗೆ ಮೂರೂವರೆಗೆ ಅವರ ಕಾರು ಸ್ಟಾರ್ಟ್ ಆಗೋ ಸದ್ದು ಶಟ್‌ಡೌನ್‌ನ ಒಂದು ದಿನಾನೂ ತಪ್ಪಲಿಲ್ಲ. ಎರಡನೇ ಪೇ ಸ್ಲಿಪ್ ಸೊನ್ನೆ ಬಂದ ವಾರ ಅವರು ಮಗೂನ ಡೇಕೇರ್‌ನಿಂದ ಬಿಡಿಸಿದ್ರು, ದುಡ್ಡು ಕಟ್ಟೋಕೆ ಆಗ್ತಿರಲಿಲ್ಲ. ಮನೆಯವಳು ಅವರನ್ನ ಕೇಳದೇನೇ ಹೋಗಿ ಮಗೂನ ಕರ್ಕೊಂಡು ಬಂದಳು. ಮೂರು ವರ್ಷದ ಹುಡುಗ, ಮೂರು ವಾರ ನಮ್ಮನೇಲೇ ಬೆಳೀತು, ಚಪಾತಿಗೆ ತುಪ್ಪ ಸಕ್ಕರೆ ಹಾಕಿ ಸುತ್ತಿ ಕೊಟ್ರೆ ಎರಡು ತಿಂತಿತ್ತು. ಸಂಜೆ ಆ ತಾಯಿ ಯೂನಿಫಾರಂನಲ್ಲೇ ಬಂದು ಮಗೂನ ಎತ್ಕೊಂಡು, ಅಲ್ಲಿಂದ ಸೀದಾ ಊಟ ಡೆಲಿವರಿ ಮಾಡೋ ಕೆಲಸಕ್ಕೆ ಹೋಗ್ತಿದ್ರು, ಮಗು ಹಿಂದಿನ ಸೀಟಲ್ಲಿ ಮಲಗಿರೋದು.

ಅವರಿಗೆ ಹಿಂಬಾಕಿ ಬಂತು. 2019ರಲ್ಲಿ ಮಾಡಿದ ಕಾನೂನು ಇದೆ, ಸರ್ಕಾರಿ ನೌಕರರಿಗೆ ಆಮೇಲೆ ಸಂಬಳ ಕೊಡಲೇಬೇಕು ಅಂತ, ಆದ್ರೂ ಅಕ್ಟೋಬರ್‌ನಲ್ಲಿ ವೈಟ್ ಹೌಸ್ ಕಡೆಯಿಂದ ಅದು ತಾನಾಗೇ ಸಿಗಲ್ಲ ಅನ್ನೋ ಮಾತು ಎದ್ದು ಇಲ್ಲಿ ಜನ ಇನ್ನಷ್ಟು ಹೆದರಿದ್ರು. ನನಗೆ ಬರಲಿಲ್ಲ. ನಾನು ಕಾಂಟ್ರಾಕ್ಟರ್, ಒಂದು ಇಲಾಖೆಗೆ ಡೇಟಾಬೇಸ್ ಕೆಲಸ ಮಾಡೋ ಕಂಪನಿಯಲ್ಲಿದೀನಿ, ಕೆಲಸ ನಿಲ್ಲಿಸಿ ಅಂತ ಒಂದು ಈಮೇಲ್ ಬಂತು, ಇದ್ದ ರಜೆ ಎಲ್ಲಾ ಮುಗಿಸಿದೆ, ಆಮೇಲಿನ ನಾಲ್ಕು ವಾರದ ಸಂಬಳ ಹೋಯ್ತು ಅಂದ್ರೆ ಹೋಯ್ತು. ಆಫೀಸು ಗುಡಿಸೋರು, ಕ್ಯಾಂಟೀನ್‌ನವರು, ಗಾರ್ಡುಗಳು ಸುಮಾರು ಜನ ಕಾಂಟ್ರಾಕ್ಟ್ ಮೇಲೇ ಇರೋದು, ಅವರಿಗೂ ಅಷ್ಟೇ. ಟೀವಿಯವರು ಎಲ್ಲರಿಗೂ ಹಿಂಬಾಕಿ ಸಿಕ್ತು ಅಂತ ಹೇಳಿದಾಗ ನಂಗೆ ತುಂಬಾ ನೋವಾಯ್ತು.

ಈಗ ನಿಮ್ಮ ಎಕಾನಮಿ ಪ್ರಶ್ನೆ. ಕಾಂಗ್ರೆಸ್ಸಿನ ಬಜೆಟ್ ಆಫೀಸು ಮೊದಲೇ ಅಂದಾಜು ಕೊಟ್ಟಿತ್ತು, ಆರು ವಾರ ನಡೆದ್ರೆ ಸುಮಾರು 11 ಬಿಲಿಯನ್ ಡಾಲರ್ ಶಾಶ್ವತ ನಷ್ಟ ಅಂತ. ಅಮೆರಿಕದ ಒಟ್ಟು ಎಕಾನಮಿ 30 ಟ್ರಿಲಿಯನ್ ಹತ್ತಿರ, ಅದರ ಮುಂದೆ ಇದು ಸಮುದ್ರಕ್ಕೆ ಬೊಗಸೆ. ಅದಕ್ಕೇ ಮಾರ್ಕೆಟ್ ಕದಲಲಿಲ್ಲ. ಆ ಹೆಂಗಸು ಕಾರಲ್ಲಿ ಮಲಗಿಸ್ಕೊಂಡು ಓಡಾಡಿದ ಮಗು ಯಾವ ಜಿಡಿಪಿಯಲ್ಲೂ ಬರಲ್ಲ ಸರ್.

---

ಕೊಡಿಯಾಲ್‌ಬೈಲ್

ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದು ರಿಟೈರ್ ಆದವ, ಮಂಗಳೂರು. ಮಾರ್ಕೆಟ್ ಬಗ್ಗೆ ಒಂದು ಮಾತು ಸೇರಿಸ್ತೇನೆ.

ಎಸ್ ಆಂಡ್ ಪಿ 500 ಅಂತ ಅಲ್ಲಿಯ ಷೇರು ಸೂಚ್ಯಂಕ, 500 ಕಂಪನಿ ಅಂತ ಹೆಸರು, ಆದ್ರೆ ಅದರ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಬರೀ ಏಳು ಟೆಕ್ ಕಂಪನಿಗಳದ್ದು ಉಂಟು. ಶಟ್‌ಡೌನ್ ನಡೀತಿದ್ದಾಗಲೇ, ಅಕ್ಟೋಬರ್ 29ಕ್ಕೆ ಎಐ ಚಿಪ್ ಮಾಡುವ ಎನ್‌ವಿಡಿಯಾ ಒಂದೇ ಕಂಪನಿಯ ಬೆಲೆ 5 ಟ್ರಿಲಿಯನ್ ಡಾಲರ್ ಮುಟ್ಟಿತು. ಎಐ ಡೇಟಾ ಸೆಂಟರ್ ಕಟ್ಟಲಿಕ್ಕೆ ಸುರೀತಿರುವ ಹಣ ಅದು. ಹಾಗಾಗಿ ಸೂಚ್ಯಂಕ ಏರ್ತದೆ, ಅಂಗಡಿಗೆ ಹೋಗುವವನ ಜೇಬು ಏರುವುದಿಲ್ಲ. ಅಲ್ಲಿಯ ಜನರ ಒಟ್ಟು ಖರ್ಚಿನಲ್ಲಿ ಅರ್ಧದ ಹತ್ತಿರ ಮೇಲಿನ ಹತ್ತು ಪರ್ಸೆಂಟ್ ಕುಟುಂಬಗಳದ್ದೇ ಅಂತ ಮೂಡೀಸ್ ಅನಾಲಿಟಿಕ್ಸ್‌ನವರ ಲೆಕ್ಕ ಉಂಟು, ಷೇರು ಇರುವವರು ಅವರು, ಖರ್ಚು ಮಾಡುವವರೂ ಅವರು. ನೀವು ಟೀವಿಯಲ್ಲಿ ನೋಡಿದ್ದು ಎರಡೂ ಸತ್ಯ ಮಾರಾಯ್ರೆ.

ನಂಗೆ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಅಮೆರಿಕದ ಸಾಲ ಅಕ್ಟೋಬರ್‌ನಲ್ಲಿ 38 ಟ್ರಿಲಿಯನ್ ದಾಟಿತು. ಬಡ್ಡಿಯೇ ವರ್ಷಕ್ಕೆ ಒಂದು ಟ್ರಿಲಿಯನ್. ಇಷ್ಟು ಸಾಲ ಇದ್ದೂ ಜಗತ್ತು ಅವರಿಗೆ ಕೊಡ್ತಾ ಬಂದದ್ದು ಯಾಕೆ, ಇವರು ಮಾತಿಗೆ ತಪ್ಪುವವರಲ್ಲ ಅನ್ನುವ ಒಂದೇ ನಂಬಿಕೆಯ ಮೇಲೆ. ನಾನು ಲೋನ್ ಸೆಕ್ಷನ್‌ನಲ್ಲಿ ಇದ್ದಾಗ ನಮ್ಮ ಮ್ಯಾನೇಜರು ಒಂದು ಹೇಳ್ತಿದ್ರು, ಆಸ್ತಿ ನೋಡಬೇಡ, ಮನೆಯಲ್ಲಿ ಅಣ್ಣತಮ್ಮಂದಿರು ಮಾತಾಡ್ತಾರಾ ನೋಡು ಅಂತ. ರೇಟಿಂಗ್ ಕಂಪನಿಗಳೂ ಅದನ್ನೇ ನೋಡಿದ್ದು. 2011ರ ಆಗಸ್ಟ್‌ನಲ್ಲಿ ಸಾಲದ ಮಿತಿ ಏರಿಸುವ ಜಗಳ ಕೊನೇ ಗಳಿಗೆ ತನಕ ಹೋಯ್ತಲ್ಲ, ಎಸ್ ಆಂಡ್ ಪಿಯವರು ಆಗ ಎಎಎ ಅನ್ನುವ ಅತೀ ಮೇಲಿನ ರೇಟಿಂಗ್ ಇಳಿಸಿದ್ರು. 2023ರಲ್ಲಿ ಫಿಚ್. ಈ ಮೇ ತಿಂಗಳಲ್ಲಿ ಮೂಡೀಸ್. ಮೂವರೂ ಇಳಿಸಿ ಆಯ್ತು. ಹಣ ಇಲ್ಲ ಅಂತ ಇಳಿಸಿದ್ದಲ್ಲ, ಹಣ ಉಂಟು, ಸಾಲ ಏರ್ತಾ ಹೋಗ್ತದೆ, ಕೂತು ತೀರ್ಮಾನ ಮಾಡುವ ಅಭ್ಯಾಸ ತಪ್ಪಿ ಹೋಗಿದೆ ಅಂತ.

ಇನ್ನೊಂದು, ಆಗಸ್ಟ್ 1ಕ್ಕೆ ಉದ್ಯೋಗದ ಅಂಕಿಅಂಶ ಕೆಟ್ಟದಾಗಿ ಬಂತು, ಅದೇ ದಿನ ಅಧ್ಯಕ್ಷರು ಆ ಲೆಕ್ಕ ತೆಗೆಯುವ ಸಂಸ್ಥೆಯ ಮುಖ್ಯಸ್ಥೆಯನ್ನೇ ತೆಗೆದು ಹಾಕಿದ್ರು. ಆಮೇಲೆ ಶಟ್‌ಡೌನ್‌ನಲ್ಲಿ ಲೆಕ್ಕ ತೆಗೆಯುವವರೇ ಮನೆಯಲ್ಲಿ ಕೂತ್ರು. 1948ರಿಂದ ಪ್ರತಿ ತಿಂಗಳೂ ಬರ್ತಿದ್ದ ನಿರುದ್ಯೋಗ ದರ, ಈ ಅಕ್ಟೋಬರ್‌ದ್ದು ಇಲ್ಲವೇ ಇಲ್ಲ, ಖಾಲಿ. ಪಾಸ್‌ಬುಕ್‌ನಲ್ಲಿ ಒಂದು ಪುಟ ಹರಿದ ಹಾಗೆ. ಫೆಡರಲ್ ರಿಸರ್ವ್, ಅಂದ್ರೆ ಅಲ್ಲಿಯ ಕೇಂದ್ರ ಬ್ಯಾಂಕಿನವರು, ಬಡ್ಡಿ ಇಳಿಸಬೇಕಾ ಬೇಡವಾ ಅಂತ ಕತ್ತಲಲ್ಲಿ ತಡಕಾಡಿ ನಿರ್ಧಾರ ಮಾಡುವ ಸ್ಥಿತಿ ಬಂತು.

---

ಮೈಸೂರು ರೋಡ್ ಗಾರ್ಮೆಂಟ್ಸ್

ಅಲ್ಲಿ ಜಗಳ ಆದ್ರೆ ಇಲ್ಲಿ ನಮ್ಗೆ ಏನಾಗುತ್ತೆ ಅಂತ ಯಾರಾದ್ರೂ ಹೇಳ್ತಾರಾ ಅಂತ ಕಾಯ್ತಿದ್ದೆ. ನಾನು ಬೆಂಗಳೂರಲ್ಲಿ ಎಕ್ಸ್‌ಪೋರ್ಟ್ ಗಾರ್ಮೆಂಟ್ ಯುನಿಟ್‌ನಲ್ಲಿ ಮರ್ಚಂಡೈಸರ್. 2025ರ ಆಗಸ್ಟ್ 27ರಿಂದ ನಮ್ಮ ಮಾಲಿನ ಮೇಲೆ ಅಮೆರಿಕದ ಟ್ಯಾರಿಫ್, ಅಂದ್ರೆ ಆಮದು ಸುಂಕ, 50 ಪರ್ಸೆಂಟ್ ಆಯ್ತು, ಅದ್ರಲ್ಲಿ ಅರ್ಧ ರಷ್ಯಾ ಎಣ್ಣೆ ತಗೊಂಡಿದ್ದಕ್ಕೆ. ಆಗ ಬಾಂಗ್ಲಾದೇಶಕ್ಕೆ 20, ವಿಯೆಟ್ನಾಂಗೆ 20 ಇತ್ತು. ಟ್ಯಾರಿಫ್ ಕಟ್ಟೋದು ಅಲ್ಲಿ ಮಾಲು ಇಳಿಸ್ಕೊಳೋ ಇಂಪೋರ್ಟರ್, ಆದ್ರೆ ಅವ್ನು ಫೋನ್ ಮಾಡಿ ರೇಟ್ ಇಳಿಸಿ ಇಲ್ಲಾ ಮುಂದಿನ ಸೀಸನ್ ಆರ್ಡರ್ ಢಾಕಾಗೆ ಅಂತಾನೆ, ನಾವು ಇಳಿಸ್ತೀವಿ, ಇನ್ನೇನು ಮಾಡೋದು.

ಲೈನಲ್ಲಿ ಕಾಲರ್ ಅಟ್ಯಾಚ್ ಮಾಡೋ ಒಬ್ಬ ಹೆಂಗಸಿಗೆ ದಸರಾ ಮುಂಚೆ ದಿನಾ ಎರಡು ತಾಸು ಓಟಿ ಸಿಗ್ತಿತ್ತು, ಅದ್ರಲ್ಲೇ ಮಗನ ಐಟಿಐ ಫೀಸು ಕಟ್ತಿದ್ರು. ಈಗ ಓಟಿ ಪೂರ್ತಿ ಬಂದ್. ಒಂದಿನ ಊಟದ ಹೊತ್ತಲ್ಲಿ ನನ್ನ ಕೇಳಿದ್ರು, ಸಾರ್ ಆ ಟ್ರಂಪ್ ಯಾವಾಗ ಸರಿ ಮಾಡ್ತಾನಂತೆ ಅಂತ. ಅಲ್ಲಿನ ಸುಪ್ರೀಂ ಕೋರ್ಟ್ ನವೆಂಬರ್ 5ಕ್ಕೆ ಈ ಟ್ಯಾರಿಫ್ ಹಾಕೋ ಅಧಿಕಾರ ಅಧ್ಯಕ್ಷನಿಗೆ ಇದೆಯಾ ಅಂತ ವಾದ ಕೇಳಿದೆ, ಈ ಡಿಸೆಂಬರ್ ತನಕ ತೀರ್ಪು ಬಂದಿಲ್ಲ. ಅದನ್ನ ಅವರಿಗೆ ಹೆಂಗೆ ಹೇಳೋದು. ಎಂಟು ಸಾವಿರಕ್ಕೂ ಹೆಚ್ಚು ಮೈಲಿ ದೂರದ ಕೋರ್ಟಿನ ಬೆಂಚ್ ಮೇಲೆ ಅವರ ಎರಡು ತಾಸು ಓಟಿ ಕೂತಿದೆ.

---

ಸಕಲೇಶಪುರದ ಅಪ್ಪ

ಎಲ್ಲರಿಗೂ ಕೈ ಮುಗಿದೆ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಗಾರ್ಮೆಂಟ್ಸ್‌ನವರು ಹೇಳಿದ್ದು ಓದಿ ನಮ್ಮ ಕಾಫಿ ನೆನಪಾಯ್ತು. ನಮ್ಮ ಕಡೆ ಕಾಫಿ ಹೆಚ್ಚಾಗಿ ಇಟಲಿ, ಜರ್ಮನಿಗೆ ಹೋಗೋದ್ರಿಂದ ನೇರ ಪೆಟ್ಟು ಅಷ್ಟು ಬೀಳಲಿಲ್ಲ, ಆದ್ರೆ ಬ್ರೆಜಿಲ್ ಮೇಲೆ 50 ಪರ್ಸೆಂಟ್ ಹಾಕಿ ಅಲ್ಲಿ ಅಂಗಡೀಲಿ ಕಾಫಿ ಬೆಲೆ ಸೆಪ್ಟೆಂಬರ್ ಹೊತ್ತಿಗೆ ಒಂದೇ ವರ್ಷದಲ್ಲಿ 19 ಪರ್ಸೆಂಟ್ ಹತ್ತಿರ ಏರಿತ್ತಂತೆ. ನವೆಂಬರ್‌ನಲ್ಲಿ ಅವರೇ ಕಾಫಿ, ಟೀ, ಬಾಳೆಹಣ್ಣು, ದನದ ಮಾಂಸದ ಮೇಲಿನ ಹೊಸ ಸುಂಕ ತೆಗೆದ್ರು. ತಾವು ಹೆಚ್ಚುಕಮ್ಮಿ ಬೆಳೆಯದೇ ಇರೋ ಕಾಫಿಯಂಥ ಬೆಳೆಗೆ ಸುಂಕ ಹಾಕಿ ತಮ್ಮ ಜನಕ್ಕೇ ಹೊರೆ ಮಾಡಿದ್ದು ಯಾಕೆ ಅಂತ ಒಬ್ಬ ಬೆಳೆಗಾರನಾಗಿ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಮಗಳ ವಿಷಯ ಯಾರಾದ್ರೂ ಹೇಳಿ. ಎಚ್-1ಬಿ ಅನ್ನೋ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಅಂತಾರೆ, ಅಷ್ಟು ಕೊಟ್ಟು ಯಾವ ಕಂಪನಿ ಒಂದು ಹೊಸ ಹುಡುಗೀನ ತಗೊಳುತ್ತೆ?

---

ಡಲ್ಲಾಸ್ ಕನ್ನಡಿಗ

ಅಣ್ಣಾ ಮೊದಲು ಸಮಾಧಾನದ ವಿಷಯ, ಆ ಒಂದು ಲಕ್ಷ ಡಾಲರ್ ಹೊರದೇಶದಿಂದ ಹೊಸದಾಗಿ ಕರೆಸ್ಕೊಳೋರಿಗೆ. ಅಮೆರಿಕದೊಳಗೇ ಸ್ಟೂಡೆಂಟ್ ವೀಸಾದಿಂದ ಎಚ್-1ಬಿಗೆ ಬದಲಾಯಿಸ್ಕೊಳೋರಿಗೆ ಅನ್ವಯಿಸಲ್ಲ ಅಂತ ಅಕ್ಟೋಬರ್ 20ಕ್ಕೆ ಇಮಿಗ್ರೇಷನ್ ಇಲಾಖೆ ಸ್ಪಷ್ಟ ಮಾಡಿದೆ. ಅವಳ ಕೋರ್ಸು ಸ್ಟೆಮ್ ಪಟ್ಟಿಯಲ್ಲಿದ್ರೆ (ವಿಜ್ಞಾನ, ಟೆಕ್ನಾಲಜಿ, ಇಂಜಿನಿಯರಿಂಗ್, ಗಣಿತ) ಓಪಿಟಿ, ಅಂದ್ರೆ ಓದು ಮುಗಿದ ಮೇಲೆ ಕೆಲಸ ಮಾಡೋ ಪರ್ಮಿಷನ್, ಒಂದು ವರ್ಷ, ಮೇಲೆ ಎರಡು ವರ್ಷ, ಒಟ್ಟು ಮೂರು ವರ್ಷ ಕೆಲಸ ಮಾಡಬಹುದು. ಈಗಿನ ನಿಯಮ ಇದು, ಇದೂ ಬದಲಾಗಬಹುದು ಅನ್ನೋ ಭಯ ಎಲ್ಲರಿಗೂ ಇದೆ. ಸದ್ಯಕ್ಕೆ ರಜೆಗೆ ಅಂತ ಊರಿಗೆ ಬಂದು ವೀಸಾ ಸ್ಟಾಂಪಿಂಗ್ ಮಾಡಿಸ್ಕೊಂಡು ಹೋಗ್ತೀನಿ ಅನ್ನೋ ಯೋಚನೆ ಬೇಡ. ಈ ತಿಂಗಳು ಎಚ್-1ಬಿಯವರ ಅಪಾಯಿಂಟ್‌ಮೆಂಟ್‌ಗಳನ್ನ ಸಾಮೂಹಿಕವಾಗಿ ಮುಂದಿನ ಮಾರ್ಚ್‌ಗೆ, ಅದಕ್ಕೂ ಆಚೆಗೆ ತಳ್ಳಿದಾರೆ, ಊರಿಗೆ ಹೋದ ನನ್ನ ಸ್ನೇಹಿತ ಶಿವಮೊಗ್ಗದಲ್ಲೇ ಸಿಕ್ಕಾಕೊಂಡಿದಾನೆ, ಹೆಂಡತಿ ಮಗು ಇಲ್ಲಿ.

ಶಟ್‌ಡೌನ್ ನನಗೆ ಹೆಂಗೆ ತಟ್ಟಿತು ಅಂತ ಹೇಳ್ತೀನಿ ಕೇಳಿ. ಸೆಪ್ಟೆಂಬರ್ 26ಕ್ಕೆ ನನ್ನ ಲೇಆಫ್ ಆಯ್ತು. ಎಚ್-1ಬಿ ಮೇಲಿರೋ ನಮಗೆ 60 ದಿನ ಟೈಮು, ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು ಇಲ್ಲಾ ದೇಶ ಬಿಡಬೇಕು. ದೇವರ ದಯೆ ಅಕ್ಟೋಬರ್ ಮೊದಲ ವಾರದಲ್ಲೇ ಆಫರ್ ಬಂತು. ಆದ್ರೆ ಅರ್ಜಿ ಜೊತೆಗೆ ಕಾರ್ಮಿಕ ಇಲಾಖೆಯ ಒಂದು ಮಂಜೂರಾತಿ ಬೇಕು, ಎಲ್‌ಸಿಎ ಅಂತ. ಇಮಿಗ್ರೇಷನ್ ಇಲಾಖೆ ಅರ್ಜಿದಾರರ ಫೀಸಲ್ಲೇ ನಡೆಯೋದ್ರಿಂದ ತೆಗೆದಿತ್ತು, ಕಾರ್ಮಿಕ ಇಲಾಖೆಯ ಆ ವಿಭಾಗ ಮುಚ್ಚಿತ್ತು, ವೆಬ್‌ಸೈಟೇ ಬಂದ್. ಒಂದು ಕೌಂಟರ್ ತೆಗೆದಿದೆ, ಅಲ್ಲಿಗೆ ಬೇಕಾದ ಚೀಟಿ ಕೊಡೋ ಕೌಂಟರ್ ಮುಚ್ಚಿದೆ, 60 ದಿನದ ಗಡಿಯಾರ ಮಾತ್ರ ಓಡ್ತಾನೇ ಇದೆ.

ಅಕ್ಟೋಬರ್ ಪೂರ್ತಿ ಹಂಗೇ ಹೋಯ್ತು. ಹೆಂಡತಿ ಏನೂ ಮಾತಾಡದೆ ಒಂದೊಂದೇ ಸ್ಟೀಲ್ ಡಬ್ಬಿ ಪೇಪರ್ ಸುತ್ತಿ ಸೂಟ್‌ಕೇಸಿಗೆ ಇಡೋಕೆ ಶುರು ಮಾಡಿದ್ಲು, ಅವರಮ್ಮ ಅರಸೀಕೆರೆಯಿಂದ ಕೊಟ್ಟು ಕಳಿಸಿದ ಸಾಂಬಾರ್ ಪುಡಿ ಡಬ್ಬಿಗಳು. ಮಗಳಿಗೆ ಏಳು ವರ್ಷ, ಇಲ್ಲೇ ಹುಟ್ಟಿದ್ದು, ನಾವು ಎಲ್ಲಿಗೆ ಹೋಗ್ತಿದೀವಿ ಅಂತ ಕೇಳಿದ್ರೆ ಅಜ್ಜಿ ಮನೆಗೆ ಅಂದ್ವಿ, ಅವಳು ಖುಷಿಯಾಗಿ ಕುಣಿದಳು, ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಅಕ್ಟೋಬರ್ 31ಕ್ಕೆ ಶಟ್‌ಡೌನ್ ಮುಗಿಯೋ ಮುಂಚೇನೇ ಆ ವಿಭಾಗ ತೆಗೆದ್ರು, ಎಲ್‌ಸಿಎಗೆ ಏಳು ಕೆಲಸದ ದಿನ, ಮಧ್ಯ ಒಂದು ಸರ್ಕಾರಿ ರಜೆ. ನನ್ನ ಅರ್ಜಿ ತಲುಪಿದ್ದು ನವೆಂಬರ್ 19ಕ್ಕೆ. ಗಡುವಿಗೆ ಆರು ದಿನ ಉಳಿದಿತ್ತು.

ನಿಮ್ಮ ಮಗಳಿಗೆ ಕೆಲಸ ಸಿಗಲ್ಲ ಅಂತ ಹೇಳಲ್ಲ. ನವೆಂಬರ್‌ನಲ್ಲಿ ನಿರುದ್ಯೋಗ 4.6 ಪರ್ಸೆಂಟ್‌ಗೆ ಬಂದಿದೆ, ಕೇಳೋಕೆ ಅದು ಕಮ್ಮಿ, ಇಲ್ಲಿಗೆ ನಾಲ್ಕು ವರ್ಷದಲ್ಲೇ ಜಾಸ್ತಿ. ಇದ್ದೋರನ್ನ ಕಂಪನಿಗಳು ಅಷ್ಟಾಗಿ ತೆಗೀತಿಲ್ಲ, ಹೊಸಬರನ್ನ ತಗೊಳೋಕೆ ಹಿಂದೆ ಮುಂದೆ ನೋಡ್ತಿದಾರೆ, ಯಾಕಂದ್ರೆ ನಾಳೆ ಟ್ಯಾರಿಫ್ ಏನು, ವೀಸಾ ಏನು, ಬಡ್ಡಿ ಏನು ಯಾರಿಗೂ ಗೊತ್ತಿಲ್ಲ. ಪೆಟ್ಟು ತಿಂತಿರೋರು ಈಗ ಕಾಲೇಜು ಮುಗಿಸೋ ಮಕ್ಕಳು. ಅವಳಿಗೆ ಈಗಿಂದಲೇ ಹುಡುಕೋಕೆ ಹೇಳಿ, ಮೇ ತನಕ ಕಾಯೋದು ಬೇಡ, ರೆಸ್ಯೂಮೆ ಕಳಿಸಿದ್ರೆ ನನ್ನ ಕಡೆಯಿಂದ ಆಗೋದು ಮಾಡ್ತೀನಿ.

---

ವರ್ಜೀನಿಯಾ ವಾಸಿ

ಡಲ್ಲಾಸ್ ಅವರೇ, ನಿಮ್ಮ ಸ್ಟೀಲ್ ಡಬ್ಬಿ ಓದಿ ನಮ್ಮನೇಲಿ ಇಬ್ರೂ ಸುಮ್ಮನೆ ಕೂತ್ವಿ. ಎಲ್ಲಾ ಬಿಚ್ಚಿ ವಾಪಸ್ ಶೆಲ್ಫಿಗೆ ಇಟ್ರಾ?

---

ಡಲ್ಲಾಸ್ ಕನ್ನಡಿಗ

ಇನ್ನೂ ಇಲ್ಲ. ಈಗ ಹಣ ಬಿಟ್ಟಿರೋದು ಜನವರಿ 30ರ ತನಕ ಮಾತ್ರ ಅಲ್ವಾ, ಅದು ದಾಟಲಿ ಅಂತಾಳೆ.

---

ಸಕಲೇಶಪುರದ ಅಪ್ಪ

ರಾತ್ರಿ ಮಗಳಿಗೆ ಇಷ್ಟೂ ಓದಿ ಹೇಳಿದೆ. ವಾಪಸ್ ಬಾ ಅಂತಾನೂ ಹೇಳಲಿಲ್ಲ, ಅಲ್ಲೇ ಇರು ಅಂತಾನೂ ಹೇಳಲಿಲ್ಲ, ಈ ಸಂಕ್ರಾಂತಿಗೆ ಬರೋ ಟಿಕೆಟ್ ಮಾತ್ರ ಕ್ಯಾನ್ಸಲ್ ಮಾಡು ಅಂದೆ. ಅವಳಮ್ಮ ಆಗಲೇ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚಿ ಒಣಗಿಸೋಕೆ ಇಟ್ಟಿದ್ಲು. ಡಲ್ಲಾಸ್ ಅವರೇ, ರೆಸ್ಯೂಮೆ ನಿಮಗೆ ಮೆಸೇಜ್‌ನಲ್ಲಿ ಕಳಿಸ್ತಾಳೆ.